ಕಡಿದ ಕಾಡಿನ ಹಣ, ಉಳಿದ ಕಾಡಿನ ಪ್ರಶ್ನೆ

ಪ್ರತಿವರ್ಷ ಕೇಂದ್ರದ ಮುಂಗಡಪತ್ರ ಮಂಡನೆಯಾದ ಮರುದಿನ ಮಲೆನಾಡಿನ ಸಹಕಾರಿ ಸಂಘಗಳ ಜಗುಲಿಯಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ ಬಗೆಯದು. ಅಡಿಕೆಯ ಆಮದು ಸುಂಕದ ಕಥೆ ಏನಾಯಿತು, ರಸಗೊಬ್ಬರದ ಸಹಾಯಧನ ಏರಿತೋ ಇಳಿಯಿತೋ, ಬೆಳೆಸಾಲದ ಬಡ್ಡಿಯಲ್ಲಿ ರಿಯಾಯಿತಿ ಉಂಟೋ ಇಲ್ಲವೋ. ಅರಣ್ಯ ಸಂಶೋಧನೆಗೆ ಈ ವರ್ಷ ಎಷ್ಟು ತೆಗೆದಿರಿಸಿದ್ದಾರೆಂದು ಕೇಳಿದವರು ಬಹುಶಃ ಯಾರೂ ಇರಲಾರರು. ತೋಟದ ಅಂಚಿನಿಂದಲೇ ಆರಂಭವಾಗುವ ಬೆಟ್ಟ, ಬೆಟ್ಟದಾಚೆಯ ಕಾನು, ಕಾನಿನೊಳಗಿಂದ ಇಳಿದುಬರುವ ಹಳ್ಳದ ನೀರು ಇವುಗಳನ್ನೇ ನೆಚ್ಚಿ ನಿಂತ ಬದುಕಿಗೂ ಆ ಪ್ರಶ್ನೆ ದೂರದ್ದಾಗಿಯೇ ಉಳಿದಿದೆ.

ಲೆಕ್ಕವನ್ನು ಒಮ್ಮೆ ಮುಂದಿಟ್ಟುಕೊಂಡು ನೋಡುವುದು ಒಳ್ಳೆಯದು. 2024-25ರ ಕೇಂದ್ರ ಮುಂಗಡಪತ್ರದಲ್ಲಿ ಕೃಷಿ ಸಂಶೋಧನೆ ಮತ್ತು ಶಿಕ್ಷಣ ಇಲಾಖೆಗೆ ದೊರೆತದ್ದು ಸುಮಾರು 9,900 ಕೋಟಿ ರೂಪಾಯಿ. ಅದೇ ವರ್ಷ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯಕ್ಕೆ ದೊರೆತದ್ದು ಸುಮಾರು 3,330 ಕೋಟಿ. ಹುಲಿ ಮತ್ತು ಆನೆ ಯೋಜನೆಗಳು, ಮಾಲಿನ್ಯ ನಿಯಂತ್ರಣ, ಕಚೇರಿಗಳ ಸಂಬಳ ಸಾರಿಗೆ ಎಲ್ಲವೂ ಇದರಲ್ಲೇ ಸೇರಿವೆ. ಡೆಹರಾಡೂನಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು, ಬೆಂಗಳೂರಿನ ಮರವಿಜ್ಞಾನ ಸಂಸ್ಥೆಯೂ ಸೇರಿದಂತೆ, ಜೋಧಪುರದಿಂದ ಜೋರ್ಹಾಟಿನವರೆಗೆ ಹರಡಿದ ತನ್ನ ಒಂಬತ್ತು ಸಂಸ್ಥೆಗಳಿಗೆ ಸರಕಾರದಿಂದ ಪಡೆಯುವ ಅನುದಾನ ಈ ಮೊತ್ತದ ಒಂದು ಸಣ್ಣ ಪಾಲು. ದೇಶದ ಭೂಭಾಗದ ಶೇಕಡ 23ಕ್ಕೂ ಹೆಚ್ಚು ಸರಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾಗಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಕೃಷಿ ಸಂಶೋಧನೆಗೆ ಕೊಟ್ಟದ್ದು ಹೆಚ್ಚಾಯಿತೆಂದು ಇದರ ಅರ್ಥವಲ್ಲ. ಅಲ್ಲಿಯ ವಿಜ್ಞಾನಿಗಳೂ ಕೊರತೆಯ ದೂರನ್ನು ಹೇಳುವವರೇ. ಆದರೆ ದೇಶದಾದ್ಯಂತ 700ಕ್ಕೂ ಮಿಕ್ಕಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಡಿಕೆಗೆ ಎಲೆಚುಕ್ಕೆ ರೋಗ ತಗುಲಿದರೆ ರೋಗದ ಹೆಡೆಯನ್ನು ಹಿಡಿದುಕೊಂಡು ಹೋಗಲು ರೈತನಿಗೆ ಒಂದು ಬಾಗಿಲಿದೆ. ಬೆಟ್ಟದ ಮತ್ತಿ ಮರ ತುದಿಯಿಂದ ಒಣಗತೊಡಗಿದರೆ ಅದರ ಕೊಂಬೆಯನ್ನು ಹಿಡಿದುಕೊಂಡು ಹೋಗಲು ಅಂಥ ಬಾಗಿಲು ಇಲ್ಲ. ಕೃಷಿ ವಿಜ್ಞಾನ ಕೇಂದ್ರಗಳ ಮಾದರಿಯಲ್ಲಿ ವನ ವಿಜ್ಞಾನ ಕೇಂದ್ರಗಳೆಂಬವು ಆರಂಭವಾದದ್ದುಂಟು. ಅವುಗಳ ಹೆಸರನ್ನು ಕೇಳಿದ ಬೆಟ್ಟದ ಹಕ್ಕುದಾರರು ಹಳ್ಳಿಗೆ ಒಬ್ಬರಾದರೂ ಸಿಕ್ಕಾರೇ ಎಂಬುದು ಸಂಶಯ.

ಹಣ ಕಡಿಮೆ ಎಂಬುದು ದೂರಿನ ಒಂದು ಭಾಗ ಮಾತ್ರ. ಅದು ಯಾರ ಹಣ, ಯಾವ ದಾರಿಯಿಂದ ಬಂದ ಹಣ ಎಂಬುದು ಇನ್ನೊಂದು ಭಾಗ, ಮತ್ತು ಹೆಚ್ಚು ತೊಡಕಿನ ಭಾಗ. ಈ ದೇಶದ ಅರಣ್ಯ ವಿಜ್ಞಾನದ ಚರಿತ್ರೆಯನ್ನು ತಿರುವಿದರೆ, ಹಣ ಕೊಟ್ಟವರು ಯಾರೋ ಪ್ರಶ್ನೆಗಳೂ ಅವರವೇ ಆಗಿದ್ದವು ಎಂಬುದು ಎದ್ದು ಕಾಣುತ್ತದೆ. 1864ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಅರಣ್ಯಗಳ ಮಹಾನಿರೀಕ್ಷಕನಾಗಿ ಬಂದಾಗ ಸಾಮ್ರಾಜ್ಯಕ್ಕೆ ಬೇಕಿದ್ದದ್ದು ರೈಲು ಹಳಿಗಳ ಕೆಳಗಿನ ಸ್ಲೀಪರ್. 1878ರಲ್ಲಿ ಡೆಹರಾಡೂನಿನಲ್ಲಿ ಅರಣ್ಯ ಶಾಲೆ, 1906ರಲ್ಲಿ ಅಲ್ಲಿಯೇ ಸಂಶೋಧನಾ ಸಂಸ್ಥೆ. ಯಾವ ಮರ ಎಷ್ಟು ವರ್ಷಕ್ಕೆ ಎಷ್ಟು ಘನ ಅಡಿ ಕೊಡುತ್ತದೆ, ಯಾವ ಮರ ಗೆದ್ದಲಿಗೆ ಜಗ್ಗದು, ಯಾವುದಕ್ಕೆ ಎಣ್ಣೆ ಕುಡಿಸಿದರೆ ಬಾಳಿಕೆ ಬರುತ್ತದೆ ಎಂಬ ವಿಷಯಗಳಲ್ಲಿ ಆ ಸಂಸ್ಥೆ ಮಾಡಿದ ಕೆಲಸ ಇಂದಿಗೂ ಅಳಿಸಿಹೋಗುವಂಥದ್ದಲ್ಲ. ಅದನ್ನು ಹಗುರವಾಗಿ ಕಾಣುವ ಅಗತ್ಯವಿಲ್ಲ. ಆದರೆ ಆ ಪ್ರಶ್ನೆಗಳೆಲ್ಲ ಕಡಿದುಬಿದ್ದ ಮರದ ಬಗೆಗಿನವು ಎಂಬುದನ್ನು ಗಮನಿಸಬೇಕು.

ಬಿದಿರಿನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಬಿದಿರಿನಿಂದ ಕಾಗದದ ತಿರುಳು ತೆಗೆಯುವುದು ಹೇಗೆಂಬುದರ ಮೇಲೆ ಡೆಹರಾಡೂನಿನಲ್ಲಿ ವಿಲಿಯಂ ರೇಟ್ ಎಂಬ ತಜ್ಞ ಕಳೆದ ಶತಮಾನದ ಮೊದಲ ದಶಕಗಳಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿದ. ಆ ಪ್ರಯೋಗಗಳು ಫಲಿಸಿದವು. ಭಾರತದ ಕಾಗದ ಉದ್ಯಮ ಬಿದಿರಿನ ಮೇಲೆ ನಿಂತಿತು. 1950ರ ದಶಕದ ಕೊನೆಗೆ ಉತ್ತರ ಕನ್ನಡದ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಕೆಲಸ ಆರಂಭಿಸಿದಾಗ ಜಿಲ್ಲೆಯ ಬಿದಿರು ಅದಕ್ಕೆ ದೊರೆತದ್ದು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಕೊಡಬೇಕಾಗಿದ್ದ ಬೆಲೆಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಬಿದಿರು ಮುಗಿಯದ ಸಂಪತ್ತೆಂಬ ಲೆಕ್ಕಾಚಾರದ ಮೇಲೆ ಒಪ್ಪಂದವಾಗಿತ್ತು. ಒಂದೂವರೆ ದಶಕದೊಳಗೆ ಮೆಳೆಗಳು ಬರಿದಾಗತೊಡಗಿದವು.

ಆಗ, 1970ರ ದಶಕದ ಮಧ್ಯಭಾಗದಲ್ಲಿ, ರಾಜ್ಯ ಸರಕಾರದ ಕೋರಿಕೆಯ ಮೇರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಬಿದಿರಿನ ಅಧ್ಯಯನ ಕೈಗೊಂಡರು. ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲಿ ಒಂದು ವಿಧಿಯಿತ್ತು. ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳಿನ ಹಿಂಡನ್ನು ಸವರಿ ತೆಗೆಯಬೇಕು, ಹಾಗೆ ಮಾಡಿದರೆ ಮೆಳೆ ಸಡಿಲಗೊಂಡು ಹೊಸ ಗಳ ಚೆನ್ನಾಗಿ ಏಳುತ್ತದೆ ಎಂಬ ವಿಧಿ. ಅದು ಮೇಜಿನ ಮೇಲೆ ಹುಟ್ಟಿದ ವಿಜ್ಞಾನ. ಮುಳ್ಳು ಇರುವುದೇ ಕಳಲೆಯನ್ನು ದನ, ಮುಸಿಯ, ಮುಳ್ಳುಹಂದಿಗಳಿಂದ ಕಾಯಲು ಎಂಬುದು ಕಾಡಂಚಿನ ಜನರಿಗೆ ಗೊತ್ತಿತ್ತು. ಅಳತೆ ಹಿಡಿದು ನೋಡಿದಾಗ ಜನರ ಮಾತೇ ನಿಜವಾಯಿತು. ಮುಳ್ಳು ಸವರಿದ ಮೆಳೆಗಳಲ್ಲಿ ಎದ್ದ ಕಳಲೆ ಎದ್ದಲ್ಲೇ ಮೇವಾಗುತ್ತಿತ್ತು.

ಬಿದಿರನ್ನು ತಿರುಳಾಗಿಸುವುದು ಹೇಗೆ ಎಂಬ ಪ್ರಶ್ನೆಗೆ ಸಾರ್ವಜನಿಕ ಹಣ 1910ರ ದಶಕದಲ್ಲೇ ದೊರೆಯಿತು. ಬಿದಿರು ಮತ್ತೆ ಹುಟ್ಟುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಜಿಲ್ಲೆಯ ಮೆಳೆಗಳಲ್ಲಿ ನಿಂತು ಕೇಳಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಕಾರ್ಖಾನೆ ಬೇರೆ ರಾಜ್ಯಗಳ ಬಿದಿರಿನತ್ತ, ನೀಲಗಿರಿಯ ನೆಡುತೋಪುಗಳತ್ತ ಮುಖ ಮಾಡಿತ್ತು.

ನೀಲಗಿರಿಯ ಕಾಲ ಇನ್ನೂ ಹತ್ತಿರದ್ದು. 1976ರ ರಾಷ್ಟ್ರೀಯ ಕೃಷಿ ಆಯೋಗ ಉತ್ಪಾದನಾ ಅರಣ್ಯಗಳಿಗೆ ಒತ್ತುಕೊಟ್ಟು ವರದಿ ಬರೆಯಿತು. 1980ರ ದಶಕದಲ್ಲಿ ಕರ್ನಾಟಕದ ಸಾಮಾಜಿಕ ಅರಣ್ಯ ಯೋಜನೆಗೆ ವಿಶ್ವಬ್ಯಾಂಕು ಮತ್ತು ಬ್ರಿಟನ್ನಿನ ಹಣ ಬಂದಿತು. ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡದ್ದೂ, 1987ರ ನವೆಂಬರಿನಲ್ಲಿ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಉಪಯುಕ್ತ ಸಸಿಗಳನ್ನು ಹಚ್ಚಿದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆದದ್ದೂ ಅದೇ ದಶಕದಲ್ಲಿ. ನೀಲಗಿರಿ ನೀರನ್ನು ಎಷ್ಟು ಕುಡಿಯುತ್ತದೆ ಎಂಬ ಪ್ರಶ್ನೆ ಬೀದಿಗೆ ಬಂದ ಮೇಲೆಯೇ ಪ್ರಯೋಗಶಾಲೆಯಲ್ಲಿ ಅದಕ್ಕೆ ಬೆಲೆ ಬಂದಿತು. ಕರ್ನಾಟಕ ಸರಕಾರ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಿತು. ಅಕೇಶಿಯಾ ಮಾತ್ರ ಇನ್ನೂ ಗುಡ್ಡ ಬಿಟ್ಟು ಇಳಿದಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾಗಿದ್ದರೂ ಅದಕ್ಕೆ ಕೊಟ್ಟಿದ್ದ ಸಾವಿರಾರು ಹೆಕ್ಟೇರ್ ನೆಡುತೋಪಿನ ಗುತ್ತಿಗೆಯನ್ನು 2020ರಲ್ಲಿ ಮತ್ತೆ ವಿಸ್ತರಿಸಲಾಯಿತು. ನಲವತ್ತು ವರ್ಷ ಅಕೇಶಿಯಾ ನಿಂತ ಮಣ್ಣಿನಲ್ಲಿ ಮತ್ತೆ ನೈಸರ್ಗಿಕ ಕಾಡು ಮೂಡಬೇಕಾದರೆ ಏನು ಮಾಡಬೇಕು? ಶಿವಮೊಗ್ಗ ಜಿಲ್ಲೆಯ ಹಳ್ಳಿಹಳ್ಳಿಯ ಪ್ರಶ್ನೆ ಇದು. ಉತ್ತರಿಸಲು ಹಣವೂ ಬೇಕು, ಇಪ್ಪತ್ತು ವರ್ಷದ ತಾಳ್ಮೆಯೂ ಬೇಕು.

1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಆದಾಯದ ಮೂಲವಾಗಿ ಕಾಣಬಾರದೆಂದೂ ಪರಿಸರದ ಸ್ಥಿರತೆಯೇ ಮುಖ್ಯ ಗುರಿಯೆಂದೂ ಸ್ಪಷ್ಟವಾಗಿ ಹೇಳಿತು. ಆದರೆ ಅದೇ ನೀತಿಯೊಳಗಿನ ಸಂಶೋಧನೆಯ ಆದ್ಯತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಮರ ಮತ್ತಿತರ ಉತ್ಪನ್ನಗಳ ಇಳುವರಿಯನ್ನು ಹೆಚ್ಚಿಸುವುದಕ್ಕೆ. ನೀತಿಯ ಮುಖ ಒಂದು ಕಡೆ, ಸಂಶೋಧನೆಯ ಮುಖ ಇನ್ನೊಂದು ಕಡೆ. ಅರಣ್ಯ ಸಂಶೋಧನಾ ಪರಿಷತ್ತು ರೂಪುಗೊಂಡದ್ದು 1986ರಲ್ಲಿ, ಸ್ವಾಯತ್ತವಾದದ್ದು 1991ರಲ್ಲಿ. 1994ರಿಂದ ವಿಶ್ವಬ್ಯಾಂಕಿನ ಸಾಲದಲ್ಲಿ ಅರಣ್ಯ ಸಂಶೋಧನೆ, ಶಿಕ್ಷಣ ಮತ್ತು ವಿಸ್ತರಣೆಯ ಯೋಜನೆಯೊಂದು ನಡೆಯಿತು. ಅದು ಮುಗಿದದ್ದು 2001ರಲ್ಲಿ. ಆ ಸಾಲದ ಅವಧಿ ಏಳು ವರ್ಷ. ಒಂದು ಹೊನ್ನೆ ಮರಕ್ಕೆ ಏಳು ವರ್ಷವೆಂದರೆ ಇನ್ನೂ ಬಾಲ್ಯ.

ಈಗಿನ ಹಣದ ದಾರಿ ಬೇರೆ. ಕಾಡನ್ನು ಗಣಿಗೆ, ಅಣೆಕಟ್ಟಿಗೆ, ರಸ್ತೆಗೆ, ವಿದ್ಯುತ್ ಮಾರ್ಗಕ್ಕೆ ಬಿಟ್ಟುಕೊಟ್ಟಾಗ ಅದನ್ನು ಪಡೆದವರು ತೆರಬೇಕಾದ ಪರಿಹಾರ ಧನ ಸರ್ವೋಚ್ಚ ನ್ಯಾಯಾಲಯದ ಗೋದಾವರ್ಮನ್ ಪ್ರಕರಣದ ಆದೇಶಗಳಂತೆ ಒಂದೆಡೆ ಸೇರತೊಡಗಿತು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆ ಇದಕ್ಕೆ ಶಾಶ್ವತ ರೂಪ ಕೊಟ್ಟಿತು. ‘ಕ್ಯಾಂಪಾ’ ಎಂಬ ಹೆಸರಿನಲ್ಲಿ ಹಳ್ಳಿಯವರಿಗೂ ಗೊತ್ತಿರುವ ನಿಧಿ ಇದೇ. 2019ರ ಆಗಸ್ಟ್‌ನಲ್ಲಿ ಕೇಂದ್ರವು ರಾಜ್ಯಗಳಿಗೆ ಇದರಿಂದ ಹಂಚಿದ ಮೊತ್ತ 47,436 ಕೋಟಿ ರೂಪಾಯಿ. ಕರ್ನಾಟಕದ ಪಾಲು ಸುಮಾರು 1,350 ಕೋಟಿ. ಕೇಂದ್ರದ ಬಳಿ ಉಳಿಯುವ ಶೇಕಡ 10ರ ಭಾಗದಿಂದ ಅರಣ್ಯ ಸಂಶೋಧನಾ ಪರಿಷತ್ತಿಗೆ ಸುಮಾರು 313 ಕೋಟಿ ರೂಪಾಯಿಯ ಬಹುವರ್ಷ ಯೋಜನೆ ಮಂಜೂರಾಯಿತು. 31 ಅಖಿಲ ಭಾರತ ಸಮನ್ವಿತ ಯೋಜನೆಗಳು ಅದರಡಿ ಬಂದವು. ಬಡವಾಗಿದ್ದ ಸಂಸ್ಥೆಗಳಿಗೆ ಇದು ಆಸರೆಯಾದದ್ದು ನಿಜ. ಉಪಕರಣ ಬಂದವು, ಯುವ ಸಂಶೋಧಕರಿಗೆ ಕೆಲಸ ಸಿಕ್ಕಿತು.

ಹಣ ಬಂದರೆ ಸಾಕು, ಎಲ್ಲಿಂದ ಬಂದರೇನು ಎಂದು ಕೇಳುವವರಿದ್ದಾರೆ. ಕೆಲವು ವಿಜ್ಞಾನಿಗಳೂ ಹಾಗೆ ಕೇಳುತ್ತಾರೆ, ಅವರ ಕಷ್ಟವೂ ಅರ್ಥವಾಗುವಂಥದ್ದೇ. ಆದರೆ ಈ ನಿಧಿಯ ಸ್ವಭಾವವನ್ನು ಮರೆಯುವಂತಿಲ್ಲ. ಹೆಚ್ಚು ಕಾಡು ಹೋದ ವರ್ಷ ನಿಧಿ ತುಂಬುತ್ತದೆ, ಕಾಡು ಉಳಿದ ವರ್ಷ ಸೊರಗುತ್ತದೆ. ನಿಧಿ ಹೆಚ್ಚು ಹರಿದುಹೋದದ್ದು ಒಡಿಶಾ, ಛತ್ತೀಸಗಢ, ಮಧ್ಯಪ್ರದೇಶಗಳಿಗೆ. ಕಾಡು ಹೆಚ್ಚು ಹೋದದ್ದು ಅಲ್ಲಿ ಎಂಬುದೇ ಅದರ ಅರ್ಥ. ಹೀಗೆ ಕಾಡಿನ ಅಧ್ಯಯನವು ಕಾಡಿನ ನಾಶದ ಪ್ರಮಾಣಕ್ಕೆ ಕಟ್ಟುಬೀಳುವುದು ವಿಚಿತ್ರವಷ್ಟೇ ಅಲ್ಲ, ಅಪಾಯಕರವೂ ಹೌದು. ಕಾಡನ್ನು ಬಿಟ್ಟುಕೊಡುವಾಗ ಹೆಕ್ಟೇರಿಗೆ ತೆರಬೇಕಾದ ನಿವ್ವಳ ಪ್ರಸ್ತುತ ಮೌಲ್ಯವನ್ನು 2022ರಲ್ಲಿ ಪರಿಷ್ಕರಿಸಲಾಯಿತು. ಕಾಡಿನ ಬಗೆ ಮತ್ತು ದಟ್ಟಣೆಯನ್ನು ನೋಡಿ ಸುಮಾರು 16 ಲಕ್ಷ ರೂಪಾಯಿಯವರೆಗೆ. ಕತ್ತಲೆಕಾನಿನಂಥ ರಾಂಪತ್ರೆ ಜಡ್ಡಿಗೂ ಹೆಚ್ಚೆಂದರೆ ಇಷ್ಟೇ ಬೆಲೆ. ಈ ಬೆಲೆ ಸರಿಯೇ ಎಂದು ಕಟುವಾಗಿ ಪರೀಕ್ಷಿಸಬೇಕಾದವರು ಅರಣ್ಯ ವಿಜ್ಞಾನಿಗಳು. ಅವರ ಪ್ರಯೋಗಾಲಯದ ದೀಪ ಉರಿಯುತ್ತಿರುವುದೂ ಅದೇ ಬೆಲೆಯಿಂದ.

ನಿಧಿಯ ಫಲವನ್ನು ಯಾರು ಅಳೆದರು? 2013ರಲ್ಲಿ ಭಾರತದ ಮಹಾಲೇಖಪಾಲರ ವರದಿ ಬಂದಿತು. ಬಿಟ್ಟುಕೊಟ್ಟ ಕಾಡಿಗೆ ಪ್ರತಿಯಾಗಿ ಅರಣ್ಯ ಇಲಾಖೆಗಳಿಗೆ ಬರಬೇಕಿದ್ದ ಅರಣ್ಯೇತರ ಭೂಮಿ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು. ಬಂದದ್ದು ಅದರ ಶೇಕಡ 27. ಅಂಥ ಭೂಮಿಯಲ್ಲಿ ಗಿಡ ನೆಟ್ಟದ್ದು ಬರಬೇಕಿದ್ದುದರ ಶೇಕಡ 7ರಷ್ಟು ಮಾತ್ರ. ಇದನ್ನು ಕಂಡುಹಿಡಿದದ್ದು ಅರಣ್ಯ ವಿಜ್ಞಾನವಲ್ಲ, ಲೆಕ್ಕಪರಿಶೋಧನೆ. ನೆಟ್ಟದ್ದರಲ್ಲಿ ಎಷ್ಟು ಬದುಕಿತು, ಬದುಕಿದ್ದು ಕಾಡಾಯಿತೇ ತೋಪಾಯಿತೇ ಎಂಬುದನ್ನು ಹಳ್ಳಿಯ ಜನ ಓದಬಹುದಾದ ರೂಪದಲ್ಲಿ, ತಾಲೂಕುವಾರು ಪ್ರಕಟಿಸುವುದು ಯಾವುದೇ ಸಂಶೋಧನಾ ಸಂಸ್ಥೆಯ ಮೊದಲ ಕೆಲಸವಾಗಬೇಕಿತ್ತು. ಸಾರ್ವಜನಿಕ ಸಂಸ್ಥೆ ನಿರ್ಭೀತವಾಗಿ ನಿಂತರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. ಬಳ್ಳಾರಿಯ ಗಣಿ ಪ್ರಕರಣದಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಸರದ ಮೇಲಿನ ಪರಿಣಾಮದ ಅಧ್ಯಯನಕ್ಕೆ ನೆಚ್ಚಿದ್ದು ಇದೇ ಅರಣ್ಯ ಸಂಶೋಧನಾ ಪರಿಷತ್ತನ್ನು. ಗಣಿಗಾರಿಕೆಗೆ ವಾರ್ಷಿಕ ಮಿತಿ ಹಾಕಬೇಕೆಂಬ ಮಾತಿಗೆ ಆ ಅಧ್ಯಯನ ಬಲ ಕೊಟ್ಟಿತು. ಹೀಗೆ ಹೇಳುವ ಶಕ್ತಿ ಉಳಿಯಬೇಕಾದರೆ ಸಂಬಳ ಮತ್ತು ಮೂಲ ಕೆಲಸದ ಖರ್ಚು ಬೊಕ್ಕಸದಿಂದ, ಸಂಸತ್ತಿನ ಒಪ್ಪಿಗೆಯಿಂದ ಬರಬೇಕು.

ಒಲವು ಮಾತ್ರ ಬೇರೆ ಕಡೆಗಿದೆ. 2023ರ ಕಾಯಿದೆಯಿಂದ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿಯ ಗುರಿಯಿಟ್ಟಾಗ ಅದರ ಬಹುಪಾಲು ಸರಕಾರದ ಹೊರಗಿನಿಂದ ಬರುವುದೆಂದು ನಿರೀಕ್ಷಿಸಲಾಗಿತ್ತು. ಪ್ಲೈವುಡ್ಡಿಗೂ ಕಾಗದಕ್ಕೂ ಹೊರಗಿನ ಹಣ ಸಿಕ್ಕೀತು. ಸೊಪ್ಪಿಗೆ ಯಾರು ಕೊಡುತ್ತಾರೆ?

ಸೊಪ್ಪಿನ ಮಾತನ್ನು ತುಸು ವಿಸ್ತರಿಸಬೇಕು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. ಶಿವಮೊಗ್ಗದ ಕಡೆ ಸೊಪ್ಪಿನಬೆಟ್ಟ ಮತ್ತು ಕಾನು, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ. ಹೆಸರು ಮತ್ತು ಹಕ್ಕಿನ ಬಗೆ ಬೇರೆಯಾದರೂ ಕಾಡು ಮತ್ತು ಕೃಷಿ ಒಂದನ್ನೊಂದು ಹಿಡಿದು ನಿಂತ ಜಾಗಗಳಿವು. ಮತ್ತಿ, ನಂದಿ, ಹೊನ್ನೆಗಳ ಸೊಪ್ಪು ಕೊಟ್ಟಿಗೆಗೆ ಬಂದು ಗೊಬ್ಬರವಾಗಿ ತೋಟದ ಬುಡ ಸೇರುತ್ತದೆ, ಬೇಸಿಗೆಯ ದರಕು ಮಣ್ಣನ್ನು ಹೊದಿಸುತ್ತದೆ. ಒಂದು ಮತ್ತಿ ಮರದ ಸೊಪ್ಪನ್ನು ಎಷ್ಟು ವರ್ಷಕ್ಕೊಮ್ಮೆ ಕಡಿದರೆ ಮರ ಸೊರಗದು? ಬೆಟ್ಟದಿಂದ ವರ್ಷವರ್ಷವೂ ದರಕು ಎತ್ತಿದರೆ ಬೆಟ್ಟದ ಮಣ್ಣಿಗೆ ಏನು ಉಳಿಯುತ್ತದೆ? ಬಿದ್ದ ಬೀಜ ಮೊಳೆಯಲು ಎಷ್ಟು ಮುಚ್ಚಿಗೆ ಬೇಕು? ಬೆಟ್ಟ ಬೋಳಾದರೆ ಕೆಳಗಿನ ತೋಟದ ಅಬ್ಬಿನೀರು ಎಷ್ಟು ದಿನ ಮೊದಲೇ ನಿಲ್ಲುತ್ತದೆ?

ಕೃಷಿ ಸಂಶೋಧನೆಗೆ ಬೆಟ್ಟ ಅರಣ್ಯದ ವಿಷಯ. ಅರಣ್ಯ ಸಂಶೋಧನೆಗೆ ಅದು ತೋಟಿಗರ ವಿಷಯ. ಕಂದಾಯದವರಿಗೆ ದಾಖಲೆಯ ಒಂದು ತಕರಾರು. ಹೀಗಾಗಿ ಲಕ್ಷಾಂತರ ಎಕರೆಯ ಮೇಲೆ ನಡೆಯುತ್ತಿರುವ ನೂರಾರು ವರ್ಷದ ಒಂದು ಪ್ರಯೋಗಕ್ಕೆ ಮುಂಗಡಪತ್ರದಲ್ಲಿ ತನ್ನದೇ ಆದ ಶೀರ್ಷಿಕೆಯಿಲ್ಲ. ಅಲ್ಲೊಂದು ಇಲ್ಲೊಂದು ಸ್ನಾತಕೋತ್ತರ ಪ್ರಬಂಧ ಬರುತ್ತದೆ, ವಿದ್ಯಾರ್ಥಿ ಪದವಿ ಪಡೆದು ಊರು ಬಿಟ್ಟ ದಿನ ಅಳತೆ ನಿಲ್ಲುತ್ತದೆ.

ಈ ಅನಾಸ್ಥೆಯ ಬೆಲೆ ಗೊಬ್ಬರದಲ್ಲಿ ಮಾತ್ರ ತೆರುವಂಥದ್ದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಿಗೆ ಬಂದಿತು. ಮಂಗ ಸಾಯುತ್ತದೆ, ಅದರ ಮೈಮೇಲಿನ ಉಣುಗುಗಳು ಉದುರಿ ತರಗೆಲೆಯಲ್ಲಿ ಉಳಿಯುತ್ತವೆ. ಮಳೆ ನಿಂತ ಮೇಲೆ ಬೇಸಿಗೆಯವರೆಗೆ ಉಣುಗಿನ ಮರಿಗಳ ಹಾವಳಿ. ದರಕು ಗುಡಿಸುವ ಕಾಲವೂ ಅದೇ. ಗುಡಿಸಲು ಹೋಗುವವರಲ್ಲಿ ಹೆಣ್ಣುಮಕ್ಕಳೂ ಕೂಲಿಯವರೂ ಹೆಚ್ಚು. ಸಾಗರ ತಾಲೂಕಿನ ಅರಲಗೋಡು ಸುತ್ತಮುತ್ತ 2019ರಲ್ಲಿ ಸಾವುಗಳಾದದ್ದನ್ನು ಆ ಸೀಮೆಯ ಜನ ಮರೆತಿಲ್ಲ. ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆಯ ಶಕ್ತಿ ಸಾಲದೆಂದು ತಿಳಿದ ಬಳಿಕ 2022ರಲ್ಲಿ ಅದರ ಬಳಕೆಯೂ ನಿಂತಿತು. ಹೊಸ ಲಸಿಕೆಯ ಹೊಣೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವಹಿಸಿಕೊಂಡಿದೆ. ಅದು ಆಗಬೇಕಾದ ಕೆಲಸವೇ. ಆದರೆ ಕಾಡಿನ ಅಂಚು ಒಡೆದಂತೆ ರೋಗ ಹರಡುತ್ತದೆಂಬ ವಾದ 1960ರ ದಶಕದಿಂದಲೂ ಇದೆ. ಯಾವ ಬಗೆಯ ಬೆಟ್ಟದಲ್ಲಿ ಉಣುಗು ಹೆಚ್ಚು, ಅಕೇಶಿಯಾ ತೋಪಿನಲ್ಲೋ ಕಾನಿನಲ್ಲೋ, ದನ ಮೇಯುವಲ್ಲೋ ಮೇಯದಲ್ಲೋ, ದರಕನ್ನು ಒಂದು ತಿಂಗಳು ಮೊದಲೇ ಎತ್ತಿದರೆ ವ್ಯತ್ಯಾಸವಾದೀತೇ ಎಂಬುವು ಅರಣ್ಯದ ಪ್ರಶ್ನೆಗಳು. ಕಾಯಿಲೆಗೆ ಕಾಡಿನ ಹೆಸರಿಟ್ಟು 60 ವರ್ಷಕ್ಕೂ ಮಿಕ್ಕಿ ಕಳೆದ ಮೇಲೂ ಇದು ಆರೋಗ್ಯ ಇಲಾಖೆಯ ಸಂಗತಿಯೆಂದೇ ಎಣಿಕೆ.

ಇಂಥ ಪ್ರಶ್ನೆಗಳಿಗೆ ಅಪಾರ ಹಣ ಬೇಕೆಂದೇನೂ ಇಲ್ಲ, ಬಿಟ್ಟುಹೋಗದ ಹಣ ಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ 1843ರಲ್ಲಿ ಆರಂಭವಾದ ಗೋಧಿಯ ಪ್ರಯೋಗದ ತಾಕು ಇಂದಿಗೂ ನಡೆಯುತ್ತಿದೆ. ಗೊಬ್ಬರ ಮತ್ತು ಮಣ್ಣಿನ ಬಗ್ಗೆ ಜಗತ್ತು ತಿಳಿದದ್ದರಲ್ಲಿ ಅದರ ಪಾಲು ದೊಡ್ಡದು. ಒಂದೇ ವರ್ಷದಲ್ಲಿ ಕೊಯ್ಲಾಗುವ ಬೆಳೆಗೇ ಅಷ್ಟು ದೀರ್ಘ ನೋಟ ಬೇಕಾದರೆ ನೂರು ವರ್ಷದ ಮರಕ್ಕೆ? ಭಾರತೀಯ ವಿಜ್ಞಾನ ಸಂಸ್ಥೆಯವರು 1984ರಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ಹೆಕ್ಟೇರಿನ ತಾಕುಗಳನ್ನು ಗುರುತಿಸಿ ಪ್ರತಿ ಮರಕ್ಕೂ ಸಂಖ್ಯೆ ಹಾಕಿ ಅಳೆಯತೊಡಗಿದರು. 1988ರಲ್ಲಿ ನೀಲಗಿರಿ ಬೆಟ್ಟದ ತಪ್ಪಲಿನ ಮುದುಮಲೆಯಲ್ಲಿ 50 ಹೆಕ್ಟೇರಿನ ತಾಕು ಬಂದಿತು. ಬೆಂಕಿ, ಬರ, ಆನೆ, ಲಂಟಾನಾ ಇವುಗಳಿಂದ ಕಾಡು ಹೇಗೆ ಬದಲಾಗುತ್ತದೆಂಬುದಕ್ಕೆ ಅಲ್ಲಿ ಕೈಯಲ್ಲಿ ಹಿಡಿದ ಟೇಪಿನ ಸಾಕ್ಷ್ಯವಿದೆ. ಉಪಗ್ರಹ ಇದನ್ನು ಕೊಡಲಾರದು. ಒಂದು ಹೆಕ್ಟೇರಿಗೆ ಮೇಲ್ಪಟ್ಟು ಶೇಕಡ 10ರಷ್ಟು ನೆರಳಿದ್ದರೆ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಅದು ಅರಣ್ಯ ಹೊದಿಕೆ, ಕಾಫಿ ತೋಟವಾದರೂ ರಬ್ಬರ್ ಆದರೂ ಸರಿ. ಮೇಲಿನಿಂದ ಹಸಿರಾಗಿ ಕಂಡ ಕಾಡಿನೊಳಗೆ ಸಸಿಯೇ ಇಲ್ಲದೆ ಮುದಿ ಮರಗಳಷ್ಟೇ ನಿಂತಿದ್ದರೂ ಚಿತ್ರದಲ್ಲಿ ವ್ಯತ್ಯಾಸ ಕಾಣದು. ಡೆಹರಾಡೂನಿನ ಸಂಸ್ಥೆಯೂ ರಾಜ್ಯದ ಅರಣ್ಯ ಇಲಾಖೆಗಳೂ ಕಳೆದ ಶತಮಾನದಲ್ಲಿ ಹಾಕಿದ ಮಾದರಿ ತಾಕುಗಳ ಹಳೆಯ ದಪ್ತರಗಳಿಗೆ ಈಗ ಬೆಲೆ ಕಟ್ಟಲಾಗದು. ಅವು ಯಾವ ಕಪಾಟಿನಲ್ಲಿವೆಯೋ ಅಲ್ಲಿಂದ ಹೊರಬಂದು, ಬೇಕಾದವರ ಕೈಗೆ ಸಿಗುವಂತಾಗಬೇಕು. ಇದಕ್ಕೆ ಬೇಕಾದದ್ದು ಕೆಲವು ಗುಮಾಸ್ತರು, ಒಂದೆರಡು ಯಂತ್ರ, ಮೇಲಿನವರ ಒಂದು ಆದೇಶ.

ಸಣ್ಣ ಹಣದಿಂದ ದೊಡ್ಡ ಕೆಲಸವಾದದ್ದೂ ಹತ್ತಿರದಲ್ಲೇ ಇದೆ. ಸಿದ್ದಾಪುರದ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಗೇರಿನ ಬಳಗದ ಮರವೊಂದನ್ನು 2000ದಲ್ಲಿ ಹೊಸ ಪ್ರಭೇದವೆಂದು ಗುರುತಿಸಿ ಅದಕ್ಕೆ ಕತ್ತಲೆಕಾನಿನದೇ ಹೆಸರಿಟ್ಟರು. ಬೆಳೆದ ಮರಗಳು ನೂರಕ್ಕಿಂತ ಕಡಿಮೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಅದರ ಬೀಜ ತಂದು ಸಸಿ ಮಾಡಿ ಜಡ್ಡಿಗಳಿಗೆ ಮರಳಿಸಿದರು. ಒಣಗಿಸಿ ಕಾಪಿಡಲು ಬಾರದ ಬೀಜವದು. ಬಿದ್ದ ಕೂಡಲೇ ಆರಿಸುವ ಜನ ಹತ್ತಿರದಲ್ಲಿರಬೇಕು. ಅತ್ತ ಕೇರಳ 1975ರಲ್ಲಿ ಪೀಚಿಯಲ್ಲಿ ತನ್ನದೇ ಅರಣ್ಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿಕೊಂಡಿತು. ಸಾಗುವಾನಿಯ ಎಲೆ ತಿನ್ನುವ ಹುಳುವಿಗೆ ನಿಸರ್ಗದಲ್ಲೇ ತಗುಲುವ ವೈರಾಣುವನ್ನು ಹುಡುಕಿ, ಅದನ್ನೇ ಹತೋಟಿಗೆ ಬಳಸುವ ದಾರಿಯನ್ನು ಅಲ್ಲಿಯವರು ತೋರಿಸಿದರು. ಪಶ್ಚಿಮ ಘಟ್ಟದ ಅತಿ ಉದ್ದದ ಪಾಲನ್ನು ಹೊಂದಿದ ರಾಜ್ಯಗಳಲ್ಲೊಂದಾದ ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಂಶೋಧನಾ ವಿಭಾಗವಿದೆ, ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ರಾಜ್ಯ ಸರಕಾರದ ಹಣದಲ್ಲಿ, ಇಲಾಖೆಯ ಅಂಕೆಯ ಹೊರಗೆ ನಿಂತು ಕೆಲಸ ಮಾಡುವ ಪೀಚಿಯಂಥ ಸಂಸ್ಥೆ ಮಾತ್ರ ಇಲ್ಲ.

ಹೊಸ ಕಟ್ಟಡದ ಬೇಡಿಕೆ ಮುಂದಿಟ್ಟರೆ ಕಲ್ಲು ಹಾಕುವ ಸಮಾರಂಭ ಮೊದಲು ಆದೀತು, ವಿಜ್ಞಾನಿಗಳ ನೇಮಕಾತಿ ಕೊನೆಗೆ. ಆದ್ದರಿಂದ ಇರುವ ಕಾಲೇಜುಗಳಿಗೇ ಇಪ್ಪತ್ತು ವರ್ಷ ಕಡಿತವಾಗದ ಅನುದಾನವನ್ನು ರಾಜ್ಯದ ಬೊಕ್ಕಸದಿಂದ ಕೊಟ್ಟು, ಬೆಟ್ಟ, ಕಾನು, ಜಡ್ಡಿ, ಅಕೇಶಿಯಾ ತೋಪುಗಳಲ್ಲಿ ಖಾಯಂ ತಾಕುಗಳನ್ನು ಹಾಕಿಸುವುದು ಮೇಲು. ಕೇಂದ್ರದ ಪರಿಷತ್ತು ತನ್ನ ಆದ್ಯತೆಯ ಪಟ್ಟಿಯನ್ನು ಪ್ರತಿ ಸಲ ಪರಿಷ್ಕರಿಸುವಾಗ ಮರದ ಉದ್ಯಮದವರನ್ನು ಕೇಳುವಂತೆ ಬೆಟ್ಟದ ಹಕ್ಕುದಾರರನ್ನೂ, ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವವರನ್ನೂ ಕೇಳಬೇಕು. ಮಂಗನ ಕಾಯಿಲೆಯ ಸೀಮೆಗೆ ಅರಣ್ಯ, ಪಶುವೈದ್ಯ ಮತ್ತು ಆರೋಗ್ಯ ಸಂಶೋಧನೆಯ ಮೂವರೂ ಒಂದೇ ಲೆಕ್ಕಶೀರ್ಷಿಕೆಯಡಿ ಬರಬೇಕು. ಇನ್ನು ಕ್ಯಾಂಪಾದ ಹಣ. ಅದು ಇರುವವರೆಗೆ ಅದರ ಮೊದಲ ಸಂಶೋಧನೆ ಅದರದೇ ನೆಡುತೋಪುಗಳ ಮೇಲಾಗಲಿ, ಮತ್ತು ಅದನ್ನು ನಡೆಸುವವರು ಅದೇ ನಿಧಿಯಿಂದ ಸಂಬಳ ಪಡೆಯುವವರಾಗದಿರಲಿ.

ಈ ನಿಧಿಯ 2018ರ ನಿಯಮಗಳು ಕೆಲಸ ಕೈಗೊಳ್ಳುವಾಗ ಗ್ರಾಮಸಭೆ ಅಥವಾ ಗ್ರಾಮ ಅರಣ್ಯ ಸಮಿತಿಯೊಡನೆ ಸಮಾಲೋಚಿಸಬೇಕೆನ್ನುತ್ತವೆ. ಹೆಚ್ಚಿನ ಊರುಗಳಲ್ಲಿ ಸಮಾಲೋಚನೆಯೆಂದರೆ ಯಾವ ಸಸಿ ಎಷ್ಟು ಬಂದಿದೆಯೆಂದು ತಿಳಿಸಿ ಸಹಿ ಪಡೆಯುವುದು. ರಾಜ್ಯದ ಮುಂದಿನ ವಾರ್ಷಿಕ ಕಾರ್ಯಯೋಜನೆ ಸಿದ್ಧವಾಗುವ ಮೊದಲು ಘಟ್ಟದ ಮೇಲಿನ ಪ್ರತಿ ಗ್ರಾಮ ಅರಣ್ಯ ಸಮಿತಿಯೂ ತನ್ನ ಠರಾವು ಪುಸ್ತಕದಲ್ಲಿ ತನ್ನ ಊರಿನ ಪ್ರಶ್ನೆಗಳನ್ನು ಬರೆಸಿ ವಲಯ ಕಚೇರಿಗೂ, ಹತ್ತಿರದ ಅರಣ್ಯ ಕಾಲೇಜಿಗೂ, ಬೆಂಗಳೂರಿನ ಮರವಿಜ್ಞಾನ ಸಂಸ್ಥೆಗೂ ಕಳುಹಿಸಬಹುದು. ಮೂರು ಪ್ರಶ್ನೆ ಸಾಕು. ಮತ್ತಿಯ ಸೊಪ್ಪನ್ನು ಎಷ್ಟು ವರ್ಷಕ್ಕೊಮ್ಮೆ ಕಡಿಯಬೇಕು. ಊರ ಹಳ್ಳ ಮೊದಲಿಗಿಂತ ಬೇಗ ಬತ್ತುತ್ತಿರುವುದೇಕೆ. ದರಕು ಗುಡಿಸಲು ಹೆಣ್ಣುಮಕ್ಕಳು ಯಾವ ತಿಂಗಳಲ್ಲಿ ಬೆಟ್ಟಕ್ಕೆ ಹೋಗಬಹುದು.